ಇನ್ನೂ ಬಾರದ ವಿಂಟರ್

ನನ್ನ ದೊಡ್ಡಮ್ಮನಿಗೆ ಬರುತ್ತಿದ್ದ ಇಂಗ್ಲಿಷ್ ಒಂದೇ ಪದ: ವಿಂಟರ್. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷ ದುಡಿದವಳು. ಚಳಿ ಮುಗಿದ ಮೇಲೆ ಗಿರಾಕಿಗಳು ಉಣ್ಣೆ ಬಟ್ಟೆ ತಂದುಕೊಡುತ್ತಿದ್ದರು. ಒಗೆದು, ನುಸಿಗುಳಿಗೆ ಹಾಕಿ, ವಿಂಟರ್ ಎಂದು ಬರೆದ ಚೀಟಿ ಚುಚ್ಚಿ ತೂಗುಹಾಕಿದರೆ ಮುಂದಿನ ಚಳಿಯವರೆಗೆ ಅವು ಅವಳ ಸುಪರ್ದಿಯಲ್ಲಿ. ಎರಡು ಚಳಿ ಕಳೆದರೂ ಯಾರೂ ಬರದಿದ್ದರೆ ಹರಾಜಿಗೆ. ಅದು ಅಂಗಡಿಯ ಕಾನೂನು.

ವಿಂಟರ್ ಅಂದರೆ ಚಳಿಗಾಲವೇ ತಾನೇ ಅಂತೀರಿ. ಸ್ವಲ್ಪ ತಡೀರಿ, ಆ ಗಿರಾಕಿಗಳ ಬಾಯಲ್ಲಿ ಕೇಳಬೇಕಿತ್ತು. ಹಿಮ್ಮಡಿ ಒಡೆದರೆ ಚಳಿಗಾಲ. ಅದಕ್ಕೆ ಕ್ರೀಮ್ ಕೊಳ್ಳಲು ಹೊರಟರೆ ವಿಂಟರ್. ಮುದುಕರಿಗೆ ಕೆಮ್ಮು ತರುವುದು ಚಳಿಗಾಲ, ಮಕ್ಕಳಿಗೆ ರಜೆ ತರುವುದು ವಿಂಟರ್. ನರಳುವುದೆಲ್ಲ ನಮ್ಮ ಮಾತಿನ ಪಾಲಿಗೆ, ಸೊಗಸೆಲ್ಲ ಇಂಗ್ಲಿಷಿಗೆ! ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಚೀಟಿ ಬರೆಯುತ್ತಿದ್ದವಳು ದೊಡ್ಡಮ್ಮನ ಮಗಳು, ನಾನು ಅಕ್ಕ ಎನ್ನುತ್ತಿದ್ದವಳು. ಹದಿನೇಳು ವರ್ಷ, ಬಾಯಿ ಬಿಟ್ಟರೆ ತಮಾಷೆ. ಒಂದು ಸಲ ಚಳಿ ಮುಗಿದಾಗ ತನ್ನ ನೀಲಿ ಕೋಟಿಗೂ ಚೀಟಿ ಚುಚ್ಚಿ, "ಅಮ್ಮಾ, ಈ ಗಿರಾಕಿ ವಿಂಟರ್‌ಗೆ ಬರ್ತಾಳೆ, ಜೋಪಾನ!" ಎಂದು ತಾನೇ ತೂಗುಹಾಕಿದಳು. ಹದಿನೈದು ದಿನಕ್ಕೆ ಜ್ವರ ಬಂತು. ನಾಲ್ಕೇ ದಿನ, ಹೋಗಿಬಿಟ್ಟಳು.

ಆ ವರ್ಷ ಚಳಿ ಬಂದಾಗ ದೊಡ್ಡಮ್ಮ ಹಲ್ಲು ಕಟಕಟ ಎನ್ನಿಸುತ್ತಲೇ, "ಇದು ಬರೀ ಚಳಿ ಕಣೇ. ವಿಂಟರ್ ಇನ್ನೂ ಬಂದಿಲ್ಲ," ಎಂದಳು. ಹನ್ನೊಂದು ವರ್ಷ ಅದೇ ಮಾತು. ಹರಾಜಿನವರು ಬಂದಾಗಲೆಲ್ಲ ಕೋಟಿಗೆ ಅಡ್ಡ ನಿಲ್ಲುವಳು. ನಾನೊಮ್ಮೆ ಅದರ ಜೇಬಿಗೆ ಕೈ ಹಾಕಿದ್ದೆ. ಯಾರೋ ಈಗತಾನೇ ಕೈ ತೆಗೆದ ಹಾಗೆ ಬೆಚ್ಚಗಿತ್ತು. ಇಸ್ತ್ರಿಯ ಶಾಖ ಎಂದುಕೊಂಡೆ. ಆ ದಿನ ಇಸ್ತ್ರಿ ಕಾಯಿಸಿಯೇ ಇರಲಿಲ್ಲ.

ಕಳೆದ ವರ್ಷ ಅಂಗಡಿಯನ್ನೇ ಮುಚ್ಚಬೇಕಾಯಿತು. "ನಿಮ್ಮ ದೊಡ್ಡಮ್ಮನಿಗೆ ನೀನೇ ಹೇಳಮ್ಮ, ನನ್ನ ಕೈಲಿ ಆಗಲ್ಲ," ಎಂದು ಮಾಲೀಕರು ನನ್ನನ್ನು ಕರೆಸಿದರು. ಕೋಣೆಯಲ್ಲಿ ಉಳಿದಿದ್ದು ನೀಲಿ ಕೋಟೊಂದೇ.

"ಮನೆಗೆ ತಗೊಂಡು ಹೋಗೋಣ ದೊಡ್ಡಮ್ಮ."

"ಹುಚ್ಚೇನೇ ನಿನಗೆ? ಅವಳು ಬರೋದು ಇಲ್ಲಿಗೆ."

ಹೊರಗೆ ಬೀಗ ಹಿಡಿದವರು ಕಾಯುತ್ತಿದ್ದರು. ನನಗೆ ದಿಕ್ಕು ತೋಚಲಿಲ್ಲ. ಸುಳ್ಳು ಹೇಳಿಬಿಟ್ಟೆ. "ದೊಡ್ಡಮ್ಮ, ವಿಂಟರ್ ಬಂತು."

ಅವಳ ಮುಖ ಅರಳಿತು. ಕೋಟು ಇಳಿಸಿದಳು, ಚೀಟಿ ಬಿಚ್ಚಿದಳು, ಮಗುವಿಗೆ ತೊಡಿಸುವಂತೆ ಅಗಲಿಸಿ ಹಿಡಿದು ನಿಂತಳು. ಇನ್ನೇನು ಮಾಡಲಿ? ಬಾಗಿಲ ಕಡೆ ಮುಖ ಮಾಡಿ, ಅವಳಿಗೆ ಬೆನ್ನು ಕೊಟ್ಟು, ನಾನೇ ತೋಳು ಹಿಂದಕ್ಕೆ ಚಾಚಿದೆ.

"ಅಯ್ಯೋ, ನೀನಲ್ಲ ಕಣೇ!" ದೊಡ್ಡಮ್ಮ ನಕ್ಕಳು. "ಸ್ವಲ್ಪ ಆಚೆ ಸರಿ. ಬಾಗಿಲಲ್ಲೇ ನಿಂತಿದಾಳೆ, ಪಾಪ, ನಡುಗ್ತಿದಾಳೆ."

ಬಾಗಿಲಲ್ಲಿ ಯಾರೂ ಇರಲಿಲ್ಲ. ನಾನು ಸರಿದು ದಾರಿ ಬಿಟ್ಟೆ.