ಪೆನ್ಸಿಲ್ ಸಿಗುವಷ್ಟು ಹೊತ್ತು

ಮೂವತ್ತೊಂದು ವರ್ಷ ರೇಡಿಯೊದಲ್ಲಿ ರೈತರಿಗೆ ಗೊಬ್ಬರ, ಔಷಧಿಗಳ ಪ್ರಮಾಣ ಹೇಳಿ ನಿವೃತ್ತರಾದ ಚಂದ್ರಕಾಂತರು ಲಿಂಗಂಪಲ್ಲಿಯ ಫ್ಲಾಟಿಗೆ ಬಂದ ಮೇಲೂ ಒಂದು ಚಾಳಿ ಬಿಡಲಿಲ್ಲ. ಯಾವ ಅಂಕಿ ಹೇಳುವುದಿದ್ದರೂ ಮೊದಲು "ಬರಕೋರಿ" ಎಂದು, ಕೇಳುವವರಿಗೆ ಪೆನ್ಸಿಲ್ ಸಿಗುವಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಫೋನಿನಲ್ಲಿ ಮನೆ ನಂಬರ್ ಕೇಳಿದ ಗ್ಯಾಸಿನವರು ಲೈನ್ ಕಟ್ಟಾಯಿತೆಂದು ಇಟ್ಟುಬಿಡುತ್ತಿದ್ದರು. ಮೇಲಿನ ಮನೆಯ ಸಾಫ್ಟ್‌ವೇರ್ ಹುಡುಗಿ ನಿಖಿತಾ ಒಮ್ಮೆ ಟೈಮ್ ಕೇಳಿ, ಉತ್ತರ ಬರುವುದರೊಳಗೆ ಕಂಪನಿಯ ಬಸ್ಸು ತಪ್ಪಿಸಿಕೊಂಡಿದ್ದಳು. ರೇಡಿಯೊದಲ್ಲಿ ಮೌನವೆಂದರೆ ಅಪರಾಧವಾದ್ದರಿಂದ ಅವರಿಗೆ ಬಂದ ಮೆಮೊಗಳೇ ಒಂದು ಫೈಲಾಗಿದ್ದವು. ಬಡ್ತಿಯೂ ಎರಡು ಸಲ ಕೈತಪ್ಪಿತ್ತು. ಅಷ್ಟಾಗಿಯೂ, ಆ ಬಿಡುವಿನಲ್ಲಿ ಯಾರಾದರೂ ಬರೆದುಕೊಂಡರೋ ಇಲ್ಲವೋ ಅವರಿಗೆ ತಿಳಿದಿರಲಿಲ್ಲ. ಒಂದು ಬೆಳಿಗ್ಗೆ, ಎದುರಿನ ಕಟ್ಟಡದ ಕೆಲಸಕ್ಕೆ ಸಿಂಧನೂರಿನ ಕಡೆಯಿಂದ ಬಂದಿದ್ದ ಸುಗಲಮ್ಮ ಮಗುವಿನ ಔಷಧಿ ಚೀಟಿ ಓದಿಸಲು ತಂದಳು. ಅವಳಿಗೆ ಅಕ್ಷರ ಬಾರದೆಂಬುದನ್ನು ಮರೆತು ಇವರು "ಬರಕೋರಿ" ಎಂದು ಸುಮ್ಮನಾದರು. ಅವಳು ಮುಖ ನೋಡಿದಳು. "ರೇಡಿಯೊ ಸಾಹೇಬ್ರು ನೀವ ಅಲ್ಲೇನ್ರಿ? ನೀವು ಹಿಂಗ ಸುಮ್ಮಾದ ಕೂಡ್ಲೆ ನಮ್ಮಪ್ಪ ಇದ್ದಲಿ ತಗೊಂಡು ಗ್ವಾಡಿ ಮ್ಯಾಲ ಬರಿತಿದ್ದರಿ. ಆ ಗ್ವಾಡಿಗೆ ಇನ್ನಾ ಸುಣ್ಣ ಹಚ್ಚಿಲ್ರಿ." ಅರ್ಧ ಚಮಚ, ದಿನಕ್ಕೆ ಮೂರು ಸಲ ಎಂದು ಹೇಳಲು ಚಂದ್ರಕಾಂತರಿಗೆ ಅಂದು ಬಹಳ ಹೊತ್ತು ಹಿಡಿಯಿತು.