ಐದನೆಯ ಮುತ್ತೈದೆ

ಬೈಲಹೊಂಗಲದ ಹೊಸ ಮನೆಯ ವಾಸ್ತುಶಾಂತಿ ನಿಮಗೆಲ್ಲ ನೆನಪಿರಬೇಕು, ಮೊಮ್ಮಕ್ಕಳೇ. ಆಕಳು ಒಳಗೆ ಬಂದು ಹೊಸ ಫರಶಿಕಲ್ಲಿನ ನೆಲದ ಮೇಲೆ ಸೆಗಣಿ ಹಾಕಿದ್ದಕ್ಕೆ ಬಿದ್ದು ಬಿದ್ದು ನಕ್ಕಿರಿ. ಅದರ ಹಿಂದೆ ಐದು ಮಂದಿ ಮುತ್ತೈದೆಯರು ನೀರಿನ ಕೊಡ ಹೊತ್ತು ಹೊಸ್ತಿಲು ದಾಟಿದರು. ಆಗ ನಾನೆಲ್ಲಿದ್ದೆ ಎಂದು ನೀವು ಕೇಳಲಿಲ್ಲ. ಹಿತ್ತಲ ಬಾಗಿಲಿನಿಂದ ಬಂದು ಹಿಂದಿನ ಖೋಲಿಯಲ್ಲಿ ಅಕ್ಕಿಚೀಲದ ಪಕ್ಕ ಕುಳಿತಿದ್ದೆ. ಮನೆ ಕಟ್ಟುವಾಗ ಬೆಳಿಗ್ಗೆ ಸಂಜೆ ಗೋಡೆಗೆ ನೀರು ಹೊಡೆದವಳು ನಾನು. ಹಾಲು ಉಕ್ಕಿಸುವಾಗ ಮಾತ್ರ ಗಂಡ ಸತ್ತವಳು ಎದುರಿಗೆ ಇರಬಾರದಂತೆ. "ನೀವು ತಿಳಿದವ್ರದೀರಿ, ಅತ್ತೀ" ಎಂದಳು ಸೊಸೆ. ತಿಳಿದವಳಾದೆ.

ಆ ದಿನ ಯಾರೋ ನಿಮಗೆ ಮನೆ ಕಟ್ಟುವ ಆಟದ ಪೆಟ್ಟಿಗೆ ತಂದಿದ್ದರು. ಬಣ್ಣಬಣ್ಣದ ಪ್ಲಾಸ್ಟಿಕ್ ಇಟ್ಟಂಗಿ, ಬಾಗಿಲು, ಕಿಟಕಿ, ಬೆರಳುದ್ದದ ಗೊಂಬೆಗಳು. ಇಟ್ಟಂಗಿ ಚಟ್ ಎಂದು ಒಂದಕ್ಕೊಂದು ಹತ್ತಿಕೊಳ್ಳುತ್ತಿದ್ದವು. ಸಿಮೆಂಟೂ ಬೇಡ, ನೀರೂ ಬೇಡ.

ಹಿರಿಯ ಮೊಮ್ಮಗಳೇ, ಮರುವಾರ ನೀನು ಪಡಸಾಲೆಯಲ್ಲಿ ಆ ಮನೆ ಕಟ್ಟಿದಿ. ಅದಕ್ಕೂ ವಾಸ್ತುಶಾಂತಿ ಆಗಬೇಕಾಯಿತು. ಆಕಳಿಲ್ಲದ್ದಕ್ಕೆ ಕುದುರೆ ಮುಂದೆ ಹೋಯಿತು. ಹಿಂದೆ ನಾಲ್ಕು ಹೆಣ್ಣುಗೊಂಬೆಗಳು, ಐದನೆಯವನು ಪೊಲೀಸ್. ಅವನ ತಲೆಗೆ ಕೆಂಪು ರಿಬ್ಬನ್ನಿನ ತುಂಡನ್ನು ಸೆರಗಿನಂತೆ ಹೊದಿಸಿದ್ದಿ.

ನನಗೆ ನಗು ಬಂತು. "ಅಲ್ಲ ನಮ್ಮವ್ವಾ, ಈ ಮುತ್ತೈದಿಗೆ ಮೀಸಿ ಅದಾವಲ್ಲ!"

"ಏನ್ ಮಾಡ್ಲಿ ಆಯಿ, ಹೆಣಮಕ್ಕಳು ಕಡಿಮಿ ಬಿದ್ರು."

ಬಿಳಿ ತುರುಬಿನ ಮುದುಕಿ ಗೊಂಬೆಯೊಂದು ಮನೆಯ ಹಿಂದೆ, ಗೋಡೆಗೆ ಮುಖ ಮಾಡಿ ನಿಂತಿತ್ತು. ಅದನ್ನು ತೋರಿಸಿ, "ಈಕಿ ಅದಾಳಲ್ಲ, ಈಕಿನ್ನ ತಗೋ" ಎಂದೆ.

"ಆಕಿ ಬರಂಗಿಲ್ಲ. ಆಕಿ ಗಂಡ ಸತ್ತಾನ."

"ನಿನಗ್ಯಾರು ಹೇಳಿದ್ರು?"

"ಯಾರ್ ಯಾಕ ಹೇಳ್ಬೇಕು? ನೀನೂ ಹಿಂದ ಕುಂತಿದ್ದಿಯಲ್ಲ?"

ಅಡುಗೆಮನೆಯಿಂದ ನಿನ್ನ ಅವ್ವ ನಕ್ಕಳು. "ಎಷ್ಟ್ ಶಾಣ್ಯಾಕಿ ನೋಡ್ರಿ, ಒಂದೂ ಮರ್ತಿಲ್ಲ!" ನಿನ್ನ ಅಪ್ಪ ಸೆರಗು ಹೊದ್ದ ಪೊಲೀಸನ ಫೋಟೊ ತೆಗೆದು ಬೀಗರಿಗೆಲ್ಲ ಕಳಿಸಿದ.

ನನ್ನ ಮುಖ ನೋಡಿ ನಿನಗೆ ಕನಿಕರ ಬಂದಿರಬೇಕು. "ಸಿಟ್ಟಾಗಬ್ಯಾಡ ಆಯಿ, ಆಕಿಗೂ ಒಂದು ಖೋಲಿ ಕಟ್ಟತೇನಿ" ಎಂದು, ಉಳಿದ ಇಟ್ಟಂಗಿಗಳಿಂದ ಮನೆಯ ಹಿಂದೆ ನಾಲ್ಕು ಗೋಡೆ ಎಬ್ಬಿಸಿದಿ. ಬಾಗಿಲುಗಳು ಮುಗಿದುಹೋಗಿದ್ದವು. ಮುದುಕಿಯನ್ನು ಮೇಲಿನಿಂದ ಒಳಗೆ ಇಳಿಬಿಟ್ಟಿ.

ಗಂಡ ಹೋದ ಮೇಲೆ ಮಂದಿ ಆಡಿದ್ದನ್ನೆಲ್ಲ ನುಂಗಿದವಳು ನಾನು. ನಿನ್ನ ಈ ಪ್ರೀತಿಯನ್ನು ನುಂಗಲಾಗಲಿಲ್ಲ.

ಆ ಖೋಲಿಯ ಮುಂದಿನ ಗೋಡೆಯಿಂದ ಒಂದು ಇಟ್ಟಂಗಿ ಕಿತ್ತೆ. ಗೋಡೆ ಕಳಚಿ ಬಿತ್ತು. ನೀನು ಹೋ ಎಂದು ಅಳತೊಡಗಿದಿ.

"ಕೂಸಿನ ಆಟ ಯಾಕ ಕೆಡಸ್ತೀರಿ, ಅತ್ತೀ? ಕೊಡ್ರಿ ಅದನ್ನ" ಎಂದಳು ನಿನ್ನ ಅವ್ವ, ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದು.

ನೀನು ಅಳುತ್ತ ಕೈ ಚಾಚಿದಿ. ನಿನ್ನ ಅಪ್ಪನೂ ಫೋನು ಬಿಟ್ಟು ನನ್ನ ಮುಷ್ಟಿಯನ್ನೇ ನೋಡುತ್ತಿದ್ದ. ನಾನು ಕೊಡಲಿಲ್ಲ.