ಕಾತ್ಯಾಯಿನಿ ಆಂಟಿಯ ನೇರಳೆ ಗೋಡೆ

ಕಾತ್ಯಾಯಿನಿ ಆಂಟಿ ಹೈವೇ ಮೇಲೆ ಕಾರು ಓಡಿಸುವುದಿಲ್ಲ ಎಂಬುದು ಅಮೆರಿಕದ ನಮ್ಮ ಕ್ಯಾರಿ ಊರಿನ ಕನ್ನಡದವರಿಗೆಲ್ಲ ಗೊತ್ತು. ಹತ್ತು ನಿಮಿಷ ದೂರದ ದೇವಸ್ಥಾನಕ್ಕೆ ಊರೊಳಗಿನ ರಸ್ತೆಗಳಲ್ಲೇ ಸುತ್ತಿ ಅರ್ಧ ಗಂಟೆಗೆ ಬರುತ್ತಾರೆ. ಯಾರಾದರೂ ಛೇಡಿಸಿದರೆ, "ದೇವ್ರೇನು ಓಡಿ ಹೋಗ್ತಾನಾ, ಬಿಡ್ರೀ" ಎನ್ನುತ್ತಾರೆ. ವಯಸ್ಸು ಐವತ್ತೊಂದು. ಆಸ್ಪತ್ರೆಯ ಬಿಲ್ಲುಗಳಿಗೆ ರೋಗದ ಕೋಡ್ ಹಾಕುವ ಕೆಲಸ, ಅದೂ ಮನೆಯಿಂದಲೇ. ಕೋವಿಡ್ ವರ್ಷದಲ್ಲಿ ಒಂದೇ ಕೋಣೆಯಲ್ಲಿ ಕೂತು ಬೇಸತ್ತು, ಊರು ಬಿಡುತ್ತಿದ್ದ ನೆರೆಯವರಿಂದ ಹಳೆಯ ಕ್ಯಾಮೆರಾ ಕೊಂಡರು. ಅಂದಿನಿಂದ ಪ್ರತಿ ಅಕ್ಟೋಬರಿನಲ್ಲೂ ಒಬ್ಬರೇ ಎಲ್ಲಿಗೋ ಹೋಗಿಬರುತ್ತಾರೆ.

ಕಳೆದ ವರ್ಷ ಅವರು ನಮ್ಮ ಕನ್ನಡ ಸಂಘದ ಕ್ಯಾಲೆಂಡರಿಗೆ ಒಂದು ಫೋಟೊ ಕಳಿಸಿದರು. ಯೂಟಾ ಮರುಭೂಮಿಯ ಸ್ಲಾಟ್ ಕ್ಯಾನ್ಯನ್. ಅಂದರೆ ನೀರು ಬಂಡೆಯನ್ನು ಕೊರೆದು ಕೊರೆದು ಮಾಡಿದ ಆಳವಾದ ಸೀಳು. ಕೆಲವು ಕಡೆ ಅಡ್ಡ ತಿರುಗಿದರೆ ಮಾತ್ರ ಒಬ್ಬರು ನುಸುಳಬಹುದು. ಫೋಟೊದಲ್ಲಿ ಗೋಡೆಗಳು ಸೀರೆಯ ನೆರಿಗೆಯಂತೆ ಬಳುಕಿದ್ದವು. ಬಣ್ಣ ಮಾತ್ರ ಅಪ್ಪಟ ನೇರಳೆ.

"ಇದು ಎಐ ಮಾಡಿದ್ದು" ಎಂದು ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದರು. "ಐ-ಫಾರ್ಟಿ ಹೈವೇಗೆ ಮರ್ಜ್ ಮಾಡಕ್ಕಾಗದೋರು ಮರುಭೂಮೀಲಿ ಡ್ರೈವ್ ಮಾಡಿದ್ರಂತಾ?" ಎಂದು ಇನ್ನೊಬ್ಬರು. ನಗುವ ಮುಖಗಳು ಸಾಲುಗಟ್ಟಿದವು. ಅದರಲ್ಲಿ ಒಂದು ನನ್ನದು. ಕ್ಯಾಲೆಂಡರ್ ಸಮಿತಿಯ ಮುಖ್ಯಸ್ಥ ಶೇಷಾದ್ರಿ ಅಂಕಲ್ ಫೋಟೊ ತೆಗೆದುಹಾಕಿದರು. ಆಂಟಿ ಸಂಘದ ಯುಗಾದಿಗೆ ಬರಲಿಲ್ಲ.

ಈ ವರ್ಷ ಅದೇ ಫೋಟೊವನ್ನು ಮತ್ತೆ ಕಳಿಸಿದರು! ಶೇಷಾದ್ರಿ ಅಂಕಲ್ ನನಗೆ ಫೋನ್ ಮಾಡಿದರು.

"ಸ್ಮಿತಾ, ನೀನು ಹೈಕಿಂಗ್ ಮಾಡ್ತೀಯಲ್ಲಾ, ಅವರ ಜೊತೆ ಹೋಗಿ ನೋಡ್ಕೊಂಡು ಬಾಮ್ಮ. ನಿಜ ಆದ್ರೆ ಕವರ್‌ಗೆ ಹಾಕೋಣ. ಸುಳ್ಳಾದ್ರೆ ಇನ್ಮೇಲೆ ಅವರ ಹೆಸರು ಎಲ್ಲೂ ಬೇಡ."

ಮಗುವಿನಿಂದ ಮೂರು ದಿನ ಬಿಡುವು ಬೇಕು, ನನ್ನನ್ನೂ ಕರೆದುಕೊಂಡು ಹೋಗಿ ಎಂದು ಆಂಟಿಗೆ ಹೇಳಿದೆ. ಅವರು ಎಷ್ಟು ಖುಷಿಪಟ್ಟರೆಂದರೆ ನನಗೇ ಒಂದು ಥರ ಆಯಿತು. ಎರಡು ವರ್ಷದ ಹರಿಣಿಯ ಊಟ, ನಿದ್ದೆ, ಕೆಮ್ಮಿನ ಔಷಧಿ ಎಲ್ಲವನ್ನೂ ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ, ಅವಳನ್ನು ಗಂಡ ಧೀರಜ್‌ನ ಕೈಗೆ ಕೊಟ್ಟು ಹೊರಟೆ.

ಲಾಸ್ ವೇಗಸ್ಸಿನಲ್ಲಿ ವಿಮಾನ ಇಳಿದು, ಅಲ್ಲಿಂದ ಬಾಡಿಗೆ ಕಾರನ್ನು ನಾನು ಓಡಿಸಿದೆ. "ಒಬ್ರೇ ಬಂದಾಗ ಈ ಹೈವೇಲಿ ಹೇಗೆ ಮಾಡ್ತೀರಾ?" ಎಂದೆ.

"ಸೇಂಟ್ ಜಾರ್ಜ್ ಊರಿನವರೆಗೂ ಬಸ್ಸು, ಅಲ್ಲಿಂದ ಬಾಡಿಗೆ ಕಾರು."

ಉತ್ತರ ತೀರಾ ಬೇಗ ಬಂತು ಅನ್ನಿಸಿತು. ಹೈವೇ ಬಿಟ್ಟ ಮೇಲೆ ಅವರೇ ಕೀಲಿ ಕೇಳಿದರು. ಎರಡು ಲೇನಿನ ಖಾಲಿ ರಸ್ತೆಯಲ್ಲಿ ಕಾರು ಎಪ್ಪತ್ತು ಮೈಲಿ ವೇಗಕ್ಕೆ ಏರಿತು. ನಾನು ಬಾಗಿಲಿನ ಹಿಡಿ ಹಿಡಿದುಕೊಂಡೆ.

"ಭಯ ಆಗಲ್ವಾ ಆಂಟಿ?"

"ಭಯ ಇರೋದು ಪಕ್ಕದ ಲೇನ್‌ನೋರದ್ದು ಕಣೇ. ಇಲ್ಲಿ ಯಾರಿದ್ದಾರೆ?"

ಮರುದಿನ ಬೆಳಿಗ್ಗೆ ಮರಳಿನಲ್ಲಿ ಒಂದು ಗಂಟೆ ನಡೆದು ಸೀಳಿನೊಳಗೆ ಇಳಿದೆವು. ಆಂಟಿ ಮುಂದೆ, ನಾನು ಹಿಂದೆ. ಬೆನ್ನಿನ ಚೀಲ ಕಳಚಿ ಕೈಯಲ್ಲಿ ಹಿಡಿದು ಅಡ್ಡಡ್ಡಲಾಗಿ ಸಾಗಬೇಕಿತ್ತು. ತಲೆಯ ಮೇಲೆ ದಾರದಷ್ಟು ಆಕಾಶ. ಫೋಟೊದಲ್ಲಿದ್ದ ತಿರುವು ಬಂತು. ನೆರಿಗೆ ನೆರಿಗೆಯೂ ಗುರುತು ಸಿಕ್ಕಿತು. ಆದರೆ ಗೋಡೆ ಕಂದು. ನನ್ನ ಫೋನಿನಲ್ಲಿ ತೆಗೆದು ನೋಡಿದೆ. ಅಲ್ಲೂ ಕಂದು, ಸ್ವಲ್ಪ ಕಿತ್ತಳೆ. ಆಂಟಿ ಸಿಕ್ಕಿಬಿದ್ದರು ಎಂದುಕೊಂಡೆ. ಖುಷಿಯೇನೂ ಆಗಲಿಲ್ಲ.

ಆಂಟಿ ಟ್ರೈಪಾಡ್ ನಿಲ್ಲಿಸಿದರು. ಅದರ ಒಂದು ಕಾಲು ಗೋಡೆಗೇ ಒರಗಿತ್ತು. "ಅಲ್ಲಾಡ್ಬೇಡ" ಎಂದು ಗುಂಡಿ ಒತ್ತಿದರು. ಮೂವತ್ತು ಸೆಕೆಂಡ್ ಕ್ಯಾಮೆರಾ ಕಣ್ಣು ತೆರೆದೇ ಇತ್ತು. ಆಮೇಲೆ ಹಿಂಬದಿಯ ಪರದೆಯಲ್ಲಿ ಗೋಡೆ ಮೂಡಿತು, ನೇರಳೆ.

"ಇದು ಎಡಿಟ್ ಮಾಡಿದ್ದಾ?"

"ಈಗ ನಿನ್ನ ಮುಂದೆ ತೆಗೆದ್ನಲ್ಲೇ! ಬಿಸಿಲು ಮೇಲಿನ ಗೋಡೆಗೇ ನಿಂತುಹೋಗತ್ತೆ. ಕೆಳಗೆ ಬರೋದು ಆಕಾಶದ ನೀಲಿ ಬೆಳಕು ಮಾತ್ರ. ಕೆಂಪು ಕಲ್ಲಿನ ಮೇಲೆ ನೀಲಿ ಬಿದ್ರೆ ಇನ್ನೇನಾಗತ್ತೆ? ನಿನ್ನ ಫೋನು ಅದನ್ನ ತಪ್ಪು ಅಂದ್ಕೊಂಡು ತಿದ್ದಿಬಿಡತ್ತೆ. ನಾನು ಕ್ಯಾಮೆರಾಗೆ ತಿದ್ಬೇಡ ಅಂತ ಹೇಳಿಟ್ಟಿದ್ದೀನಿ."

"ಹಾಗಾದ್ರೆ ಇದೂ ಸೆಟ್ಟಿಂಗೇ ಅಲ್ವಾ?"

"ನಿನ್ನ ಕಣ್ಣೇನು ಸೆಟ್ಟಿಂಗ್ ಇಲ್ದೆ ಬಂದಿದ್ಯಾ?"

ನಾನು ನಗಬಹುದಿತ್ತು. ಅದರ ಬದಲು, "ಮೆಮೊರಿ ಕಾರ್ಡ್ ಹಾಗೇ ಕೊಡ್ತೀರಾ? ಏನೂ ಮುಟ್ಟದೆ?" ಎಂದುಬಿಟ್ಟೆ.

ಆಂಟಿ ನನ್ನನ್ನೇ ನೋಡಿದರು. ಅಷ್ಟು ಹತ್ತಿರದಲ್ಲಿ ಕಣ್ಣು ತಪ್ಪಿಸಲು ಜಾಗವಿರಲಿಲ್ಲ.

"ಶೇಷಾದ್ರಿ ಕಳಿಸಿದ್ರಾ?"

ಹೌದೆಂದು ತಲೆಯಾಡಿಸಿದೆ.

"ಪಾಪ, ಚಿಕ್ಕ ಮಗು ಇರೋಳು, ಸ್ವಲ್ಪ ಗಾಳಿ ಕುಡೀಲಿ ಅಂತ ಕರ್ಕೊಂಡು ಬಂದೆ ಕಣೇ" ಎಂದು ಕಾರ್ಡ್ ತೆಗೆದು ನನ್ನ ಅಂಗೈಯಲ್ಲಿಟ್ಟರು. ಒಬ್ಬರನ್ನೊಬ್ಬರು ದಾಟುವಷ್ಟು ಅಗಲ ಅಲ್ಲಿರಲಿಲ್ಲ. ಸೀಳಿನ ಬಾಯಿಯ ಕಡೆ ಇದ್ದ ನಾನೇ ಮುಂದೆ ನಡೆಯಬೇಕಾಯಿತು. ಹೊರಗೆ ಬರುವವರೆಗೂ ಹಿಂದೆ ಅವರ ಹೆಜ್ಜೆ ಕೇಳುತ್ತಿತ್ತು.

ಭಾನುವಾರ ಶೇಷಾದ್ರಿ ಅಂಕಲ್ ಮನೆಯಲ್ಲಿ ಕಾರ್ಡ್ ಹಾಕಿ ನೋಡಿದೆವು. "ನಿನ್ನ ಕಣ್ಣಿಗೆ ನೇರಳೆ ಕಾಣ್ತಾ?" ಎಂದು ಅವರು ಕೇಳಿದರು.

"ಇಲ್ಲ ಅಂಕಲ್, ಕಂದು ಕಾಣ್ತು. ಆದ್ರೆ ಅವರು ಗುಂಡಿ ಒತ್ತಿದ್ದನ್ನೂ ನೋಡ್ದೆ, ಪರದೇಲಿ ಇದು ಬಂದಿದ್ದನ್ನೂ ನೋಡ್ದೆ. ಕಾರ್ಡ್ ನನ್ನ ಹತ್ರಾನೇ ಇತ್ತು. ಸುಳ್ಳು ನಾವು ಹೇಳಿದ್ದು."

ಫೋಟೊ ಕವರಿಗೆ ಹೋಯಿತು. ಕಳೆದ ವರ್ಷ ನಕ್ಕವರಲ್ಲಿ ನಾನೂ ಒಬ್ಬಳು, ತಪ್ಪು ನಮ್ಮದು ಎಂದು ಗುಂಪಿನಲ್ಲಿ ಹೆಸರು ಹಾಕಿ ಬರೆದೆ. ಚಪ್ಪಾಳೆಗಳು ಬಂದವು. ಆಂಟಿಯಿಂದ ನನಗೊಬ್ಬಳಿಗೆ ಒಂದು ಸಾಲು ಬಂತು: "ಸಂತೋಷ. ಕಾರ್ಡ್ ತಂದುಕೊಡು."

ಹರಿಣಿಯನ್ನು ಕರೆದುಕೊಂಡು ಹೋದೆ. ಆಂಟಿ ಅವಳ ಕೈಗೆ ಕೋಡುಬಳೆ ಕೊಟ್ಟರು, ನನಗೆ ಕಾಫಿ ತಂದರು, ಕೆಮ್ಮು ವಾಸಿಯಾಯಿತಾ ಎಂದು ವಿಚಾರಿಸಿದರು. ಆಮೇಲೆ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಕನ್ನಡಕ ಏರಿಸಿಕೊಂಡರು.

"ಎಲ್ಲಾ ಇದ್ಯಾ ಅಂತ ಒಂದ್ಸಲ ನೋಡ್ಕೋತೀನಿ ಸ್ಮಿತಾ. ತಪ್ಪು ತಿಳ್ಕೋಬೇಡ."

ಒಂದೊಂದೇ ಫೋಟೊ ತೆರೆದು, ದಿಟ್ಟಿಸಿ, ಮುಚ್ಚಿ, ಮುಂದಿನದಕ್ಕೆ ಹೋದರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವರು ನೋಡಿ ಮುಗಿಸುವವರೆಗೂ ಕಾದೆ.